₹11,800 ಕೊಟ್ಟು ಕೊಂಡ ‘ಮೆದುಳು ಬಾಸ್ಕೆಟ್’: ಒಬ್ಬ ಮೆಡಿಕಲ್ ಅಂಗಡಿಯವಳ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ಈ ಶೇರು ಸಲಹೆ ಸೇವೆಗೆ 5ಕ್ಕೆ 2 ಸ್ಟಾರ್. ಆ ಎರಡರಲ್ಲಿ ಒಂದು ಕಂಪನಿಗಲ್ಲ, ಫೋನ್ ಎತ್ತಿ ಕನ್ನಡದಲ್ಲಿ ಮಾತಾಡುತ್ತಿದ್ದ ಒಬ್ಬ ಹುಡುಗನಿಗೆ.

ನನ್ನದು ಬಾಗಲಕೋಟೆ ನವನಗರದಲ್ಲಿ ಮೆಡಿಕಲ್ ಅಂಗಡಿ. ಅಪ್ಪ ಹಳೇ ಊರಲ್ಲಿ ಶುರು ಮಾಡಿದ್ದು. ಆಲಮಟ್ಟಿ ಹಿನ್ನೀರಿಗೆ ಆ ಓಣಿ ಹೋಯಿತು. ಪರಿಹಾರ ತಗೊಂಡು ಇಲ್ಲಿಗೆ ಬಂದೆವು. ಮನೆ, ಅಂಗಡಿ ಕಟ್ಟಿ ಉಳಿದ ದುಡ್ಡನ್ನು ಅಪ್ಪ ಎಫ್‌ಡಿಯಲ್ಲಿ ಇಟ್ಟವರು ಮುಟ್ಟಲೇ ಇಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಇವತ್ತಿಗೂ ‘ಮುಳುಗಡೆ ದುಡ್ಡು’ ಅಂತಲೇ ಹೆಸರು. 2021ರಲ್ಲಿ ಅಪ್ಪನಿಗೆ ಪಾರ್ಕಿನ್ಸನ್ಸ್ ಅಂತ ಗೊತ್ತಾಯಿತು. ಸ್ಟ್ರಿಪ್ ಕತ್ತರಿಸುವಾಗ ಕತ್ತರಿ ನಡುಗುತ್ತಿತ್ತು. ವಯಸ್ಸು ಅಂದುಕೊಂಡಿದ್ದೆವು. ಆಮೇಲೆ ಅಂಗಡಿ ಪೂರ್ತಿ ನನ್ನ ಪಾಲಿಗೆ ಬಂತು, ದುಡ್ಡಿನ ಲೆಕ್ಕವೂ ಬಂತು.

2023ರ ಆಗಸ್ಟಿನಲ್ಲಿ ಈ ಸೇವೆಯವರು ಬಂದರು. ಶೇರು ಸಲಹೆ ಕೊಡುವ ಕಂಪನಿ. ಹೆಸರು ಬರೆಯುವುದಿಲ್ಲ. ‘ಮೆದುಳು ಮತ್ತು ನರರೋಗ ಚಿಕಿತ್ಸೆ’ ಅಂತ ಒಂದು ಬಾಸ್ಕೆಟ್. 6 ಭಾರತೀಯ ಕಂಪನಿಗಳ ಶೇರು, ಜೊತೆಗೆ ‘ಗಮನಿಸಬೇಕಾದ’ ವಿದೇಶಿ ಕಂಪನಿಗಳ ಪಟ್ಟಿ. ವರ್ಷಕ್ಕೆ ₹10,000, ಮೇಲೆ ಜಿಎಸ್‌ಟಿ 1,800. ಕನಿಷ್ಠ ಹೂಡಿಕೆ ಒಂದೂವರೆ ಲಕ್ಷ.

ಬಂದವನು ನನ್ನ ಕೌಂಟರಿನ ಹಿಂದಿನ ಕಪಾಟು ನೋಡಿ, ‘ಮೇಡಂ, ಈ ಗುಳಿಗೆ ದಿನಾ ನೀವೇ ಮಾರ್ತೀರಿ, ಕಂಪನಿಯಲ್ಲಿ ನಿಮಗೊಂದು ಪಾಲು ಬೇಡವಾ?’ ಅಂದ. ಅದೊಂದು ಮಾತಿಗೆ ನಾನು ಬಿದ್ದೆ. ಅಪ್ಪ ಒಳಗಿಂದಲೇ, ‘ನನ್ನ ರೋಗದ ಮ್ಯಾಲೆ ನೀ ಜೂಜ ಆಡ್ತೀ ಏನವಾ?’ ಅಂದರು. ನಕ್ಕು ಸುಮ್ಮನಾದೆ. ಒಂದೂವರೆ ಲಕ್ಷ ಮುಳುಗಡೆ ದುಡ್ಡು ಹಾಕಿದೆ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಶೇರು ಮಾರುಕಟ್ಟೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿಯ ನೋಂದಣಿ ಅಸಲಿ. ರಿಸರ್ಚ್ ಅನಲಿಸ್ಟ್ ನಂಬರ್ ‘ಐಎನ್‌ಎಚ್’ ಅಂತ ಶುರುವಾಗುತ್ತದೆ, ಅದನ್ನು ಸೆಬಿ ವೆಬ್‌ಸೈಟಿನಲ್ಲಿ ಹಾಕಿ ನೋಡಿದೆ, ತಾಳೆಯಾಯಿತು. ಶೇರು ನನ್ನದೇ ಡಿಮ್ಯಾಟಿನಲ್ಲಿ, ಅಂದರೆ ಶೇರು ಇಡುವ ಖಾತೆಯಲ್ಲಿ ಇರುತ್ತದೆ, ಅವರ ಕೈಗೆ ದುಡ್ಡು ಹೋಗುವುದಿಲ್ಲ. ಇಷ್ಟು ಲಾಭ ಗ್ಯಾರಂಟಿ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ವಾಟ್ಸಾಪಿನಲ್ಲಿ ‘ತಿಂಗಳಿಗೆ ನೂರಕ್ಕೆ 10’ ಅಂತ ಕಳಿಸುವ ಪುಂಡರಿಗೆ ಹೋಲಿಸಿದರೆ ಇವರು ದೊಡ್ಡ ಮನುಷ್ಯರು. ಕೆವೈಸಿ ಅರ್ಧ ಗಂಟೆಯಲ್ಲಿ ಮುಗಿಯಿತು.

ಆಮೇಲೆ ವರದಿ ಬಂತು. 38 ಪುಟ, ಪೂರ್ತಿ ಇಂಗ್ಲಿಷ್. ಡಿ.ಫಾರ್ಮಾ ಓದಿದವಳು ನಾನು, ಔಷಧಿಯ ಭಾಗ ತಿಳಿಯಿತು. ಅದರಲ್ಲಿ ಒಂದು ಅಧ್ಯಾಯ ನಿಜಕ್ಕೂ ಚೆನ್ನಾಗಿತ್ತು. ಹೊಸ ಔಷಧಿ ಮೊದಲ ಹಂತದಲ್ಲಿ ಆರೋಗ್ಯವಂತರ ಮೇಲೆ, ಎರಡನೇ ಹಂತದಲ್ಲಿ ಸ್ವಲ್ಪ ರೋಗಿಗಳ ಮೇಲೆ, ಮೂರನೆಯದರಲ್ಲಿ ನೂರಾರು, ಸಾವಿರಾರು ರೋಗಿಗಳ ಮೇಲೆ ಪರೀಕ್ಷೆ ಆಗುತ್ತದೆ. 2011ರಿಂದ 2020ರವರೆಗಿನ ಅಮೆರಿಕದ ಲೆಕ್ಕದಲ್ಲಿ, ಮೊದಲ ಹಂತಕ್ಕೆ ಇಳಿದ ಔಷಧಿಗಳಲ್ಲಿ ನೂರಕ್ಕೆ ಸುಮಾರು 8 ಮಾತ್ರ ಒಪ್ಪಿಗೆ ಪಡೆದವು. ನರರೋಗದ ಔಷಧಿ ಆದರೆ 6. ಅಂದರೆ ನೂರರಲ್ಲಿ 94 ದಾರಿಯಲ್ಲೇ ಉಳಿದವು. ಇದನ್ನು ಅವರೇ 9ನೇ ಪುಟದಲ್ಲಿ ಬರೆದು, 10ನೇ ಪುಟದಿಂದ ‘ಅಪಾರ ಅವಕಾಶ’ ಅಂತ ಶುರು ಮಾಡಿದ್ದರು. ಮಧ್ಯೆ ಒಂದು ಉಸಿರೂ ಬಿಟ್ಟಿರಲಿಲ್ಲ.

ವರದಿಯ ವಾದ ಇಷ್ಟೇ: ವಯಸ್ಸಾದವರು ಜಾಸ್ತಿ ಆಗುತ್ತಿದ್ದಾರೆ, ಮರೆವು, ನಡುಕ, ಲಕ್ವಾ, ಫಿಟ್ಸ್ ಜಾಸ್ತಿ ಆಗುತ್ತವೆ, ಆದ್ದರಿಂದ ಕಂಪನಿಗಳ ಲಾಭ ಜಾಸ್ತಿ. ಕೌಂಟರಿನ ಈ ಕಡೆ ನಿಂತವರಿಗೆ ಈ ‘ಆದ್ದರಿಂದ’ ಅಷ್ಟು ಸಲೀಸಾಗಿ ಗಂಟಲಲ್ಲಿ ಇಳಿಯುವುದಿಲ್ಲ.

ನನ್ನ ಅಂಗಡಿಯಲ್ಲಿ ನರರೋಗದ ಹೆಸರಲ್ಲಿ ದಿನಾ ಹೋಗುವುದು ಏನು? ಫಿಟ್ಸಿಗೆ ಫೆನಿಟೋಯಿನ್, ಅದು 1938ರಿಂದ ಬಳಕೆಯಲ್ಲಿದೆ. ವಾಲ್‌ಪ್ರೊಯೇಟ್, ಕಾರ್ಬಮಜೆಪೀನ್, ಅವೂ ಮುದುಕರೇ. ಲೆವೆಟಿರಾಸಿಟಮ್ ಒಂದು ಸ್ವಲ್ಪ ಹೊಸದು ಅನ್ನಬೇಕು, ಅದಕ್ಕೂ ಈಗ ಹತ್ತಾರು ಕಂಪನಿಗಳ ಹೆಸರಿವೆ. ಕಾಲು ಜುಮ್ಮೆನ್ನುವ ಸಕ್ಕರೆ ರೋಗಿಗಳಿಗೆ ಪ್ರಿಗಾಬಾಲಿನ್. ಅಪ್ಪನ ಲೆವೊಡೋಪ 1960ರ ದಶಕದ್ದು. ಐವತ್ತು ವರ್ಷ ದಾಟಿದರೂ ಪಾರ್ಕಿನ್ಸನ್ಸಿಗೆ ಅದನ್ನು ಮೀರಿಸಿದ ಗುಳಿಗೆ ಬಂದಿಲ್ಲ. ಇವುಗಳಲ್ಲಿ ಬಹಳಷ್ಟಕ್ಕೆ ಸರ್ಕಾರವೇ ಬೆಲೆ ಕಟ್ಟಿದೆ. ಅಂಥ ಗುಳಿಗೆಯಲ್ಲಿ ಅಂಗಡಿಯವರ ಪಾಲು ನೂರಕ್ಕೆ 16. ಕಂಪನಿ ತನ್ನ ಮನಸ್ಸಿಗೆ ಬಂದಂತೆ ಎಂಆರ್‌ಪಿ ಏರಿಸುವಂತಿಲ್ಲ. ಪ್ರತಿ ಏಪ್ರಿಲಿನಲ್ಲಿ ಸಗಟು ಬೆಲೆ ಸೂಚ್ಯಂಕ ನೋಡಿ ಎಷ್ಟು ಏರಿಸಬಹುದು ಅಂತ ಆದೇಶ ಬರುತ್ತದೆ. 2023ರಲ್ಲಿ ನೂರಕ್ಕೆ 12ರ ಮೇಲೆ ಬಂತು. 2024ರಲ್ಲಿ 0.00551. ಹೌದು, ಸೊನ್ನೆ ಅಂತಲೇ ಓದಿಕೊಳ್ಳಿ. ಈ ಬಾಸ್ಕೆಟಿನ ಕಂಪನಿಗಳಿಗೆ ಅಮೆರಿಕದ ಹೊಸ ಸಂಶೋಧನೆಗಿಂತ ಇದು ಹತ್ತಿರದ ಸುದ್ದಿ. 38 ಪುಟದಲ್ಲಿ ಒಂದು ಸಾಲೂ ಇಲ್ಲ.

ಇನ್ನೊಂದು ವಿಷಯವೂ ಇಲ್ಲ. ತಿಂಗಳ ಕೊನೆ ವಾರ ಬಂದರೆ, ‘ಅಕ್ಕಾರ, ಹತ್ತ ಗುಳಗಿ ಅಷ್ಟ ಕೊಡ್ರಿ’ ಅನ್ನುತ್ತಾರೆ. ಫಿಟ್ಸಿನ ಗುಳಿಗೆ ಹೀಗೆ ಹಠಾತ್ತಾಗಿ ಬಿಟ್ಟರೆ ಫಿಟ್ಸ್ ಮತ್ತೆ ಬರುತ್ತದೆ, ಮೊದಲಿಗಿಂತ ಜೋರಾಗಿಯೂ ಬರಬಹುದು. ಎಷ್ಟೋ ಸಲ ನಾನೇ ಉದ್ರಿ ಬರೆದುಕೊಂಡು ಪೂರ್ತಿ ಸ್ಟ್ರಿಪ್ ಕೊಟ್ಟು ಕಳಿಸಿದ್ದೇನೆ. ರೋಗಿಗಳು ಲಕ್ಷಗಟ್ಟಲೆ ಇರಬಹುದು. ಮೂವತ್ತೂ ದಿನದ ಗುಳಿಗೆಗೆ ದುಡ್ಡು ಕೊಡುವವರು ಎಷ್ಟು ಅಂತ ನನ್ನ ಉದ್ರಿ ಪುಸ್ತಕ ಹೇಳುತ್ತದೆ.

ಬಾಸ್ಕೆಟ್ ಬಿಚ್ಚಿ ನೋಡಿದಾಗ ಇನ್ನೊಂದು ತಮಾಷೆ. ಒಳಗೆ ಇದ್ದದ್ದು ನಮಗೆಲ್ಲ ಗೊತ್ತಿರುವ ಫಾರ್ಮಾ ಕಂಪನಿಗಳೇ. ಸನ್ ಫಾರ್ಮಾ ಇತ್ತು, ಟೊರೆಂಟ್ ಇತ್ತು. ನರರೋಗಕ್ಕೂ ಇವರಿಗೂ ನಂಟು ಇರುವುದು ನಿಜ. ಸನ್ ಫಾರ್ಮಾ 1983ರಲ್ಲಿ ಗುಜರಾತಿನ ವಾಪಿಯಲ್ಲಿ ಶುರುವಾದದ್ದೇ ಐದು ಮನೋರೋಗದ ಔಷಧಿಗಳಿಂದ. ಟೊರೆಂಟಿನ ಬುನಾದಿಯೂ ಅಂಥದೇ ಔಷಧಿ. ಆದರೆ ಇವತ್ತು ಅವರು ಹೃದಯ, ಸಕ್ಕರೆ, ಚರ್ಮ, ಹೊಟ್ಟೆ ಎಲ್ಲದಕ್ಕೂ ಮಾಡುತ್ತಾರೆ. ಶೇರು ಏರಿದರೆ ಯಾವ ಗುಳಿಗೆಯಿಂದ ಏರಿತು ಅಂತ ಹೇಗೆ ಹೇಳುವುದು? ಸಾದಾ ಫಾರ್ಮಾ ಬುಟ್ಟಿಗೆ ‘ಮೆದುಳು’ ಅಂತ ಚೀಟಿ ಅಂಟಿಸಿ ಕೊಟ್ಟಿದ್ದರು. ನಮ್ಮ ದಂಧೆಯಲ್ಲಿ ಇದಕ್ಕೆ ಲೇಬಲ್ ಬದಲಿಸುವುದು ಅನ್ನುತ್ತಾರೆ, ಸಿಕ್ಕಿಬಿದ್ದರೆ ಲೈಸೆನ್ಸ್ ಹೋಗುತ್ತದೆ.

ವಿದೇಶಿ ಪಟ್ಟಿಯ ಶೇರು ಕೊಳ್ಳುವ ಆಸೆ ನನಗೂ ಆಗಿತ್ತು. ನಮ್ಮ ಸಿಎ ಹತ್ತಿರ ಕೇಳಿದೆ. ದುಡ್ಡು ಕಳಿಸುವುದು ಕಷ್ಟವಲ್ಲ, ವರ್ಷಕ್ಕೆ 2,50,000 ಡಾಲರ್‌ವರೆಗೆ ಕಳಿಸಲು ಅವಕಾಶ ಇದೆ ಅಂದರು. ನನ್ನ ಮುಖಕ್ಕೆ 2,50,000 ಡಾಲರ್! ಆದರೆ ಹತ್ತು ಸಾವಿರ ರೂಪಾಯಿಯ ವಿದೇಶಿ ಶೇರು ಇದ್ದರೂ ತೆರಿಗೆ ರಿಟರ್ನಿನಲ್ಲಿ ವಿದೇಶಿ ಆಸ್ತಿಯ ಪಟ್ಟಿ, ಶೆಡ್ಯೂಲ್ ಎಫ್‌ಎ, ತುಂಬಬೇಕು, ಅಮೆರಿಕದ ಶೇರಿಗೆ ಡಿವಿಡೆಂಡ್ ಬಂದರೆ ಅಲ್ಲೇ ನೂರಕ್ಕೆ 25 ಕತ್ತರಿಸಿಕೊಳ್ಳುತ್ತಾರೆ, ಅದನ್ನು ಇಲ್ಲಿ ಹೊಂದಿಸಿಕೊಳ್ಳಲು ಮತ್ತೊಂದು ಫಾರ್ಮ್. ಸಲಹೆ ಸೇವೆಯವರ ವರದಿಯಲ್ಲಿ ಇದ್ಯಾವುದೂ ಇರಲಿಲ್ಲ, ‘ತೆರಿಗೆ ತಜ್ಞರನ್ನು ಕೇಳಿ’ ಅಂತ ಒಂದು ಸಾಲು. ನಾನು ದುಡ್ಡು ಹಾಕಲಿಲ್ಲ. ಬದಲಿಗೆ ಉದ್ರಿ ಪುಸ್ತಕದ ಕೊನೆಯ ಹಾಳೆಗಳಲ್ಲಿ ಸುಮ್ನೆ ಆ ಕಂಪನಿಗಳ ಹೆಸರು ಬರೆದು, ಕಾಗದದ ಮೇಲೆ ಹತ್ತತ್ತು ಸಾವಿರ ಹಾಕಿದಂತೆ ಲೆಕ್ಕ ಇಟ್ಟೆ. ಈ ಸೇವೆಯಿಂದ ನನಗೆ ಆದ ನಿಜವಾದ ಲಾಭ ಆ ಹಾಳೆಗಳೇ.

2024ರ ಶಿವರಾತ್ರಿ, ಮಾರ್ಚ್ 8. ಜಾಗರಣೆಗೆ ಕುಳಿತಿದ್ದೆವು. ನಮ್ಮ ಮಾರುಕಟ್ಟೆಗೆ ರಜೆ, ಆದರೆ ಅಮೆರಿಕದ್ದು ರಾತ್ರಿ 8ಕ್ಕೆ ತೆರೆಯಿತು. ಫೋನ್ ನೋಡಿದೆ. ಅಮಿಲಿಕ್ಸ್ ಅನ್ನುವ ಕಂಪನಿಯ ಶೇರು ನೂರಕ್ಕೆ 80ರಷ್ಟು ಕೆಳಗೆ! ಆಪ್ ಕೆಟ್ಟಿದೆ ಅಂದುಕೊಂಡು ಮುಚ್ಚಿ ತೆರೆದೆ. ಕೆಟ್ಟಿರಲಿಲ್ಲ. ಈ ಕಂಪನಿಯದು ಎಎಲ್‌ಎಸ್ ಔಷಧಿ. ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರಿಗೆ ಇತ್ತಲ್ಲ, ಸ್ನಾಯುಗಳು ಒಂದೊಂದಾಗಿ ಸೋತು ಹೋಗುವ ರೋಗ. 2022ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತ್ತು. ಒಪ್ಪಿಗೆ ಸಿಕ್ಕು ಮಾರಾಟವಾಗುತ್ತಿದ್ದ ಔಷಧಿ! ಆದರೆ ದೊಡ್ಡ ಪರೀಕ್ಷೆಯಲ್ಲಿ ಔಷಧಿಯೇ ಇಲ್ಲದ ಬರೀ ಸಪ್ಪೆ ಪುಡಿಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಮುಂದಿನ ತಿಂಗಳು ಕಂಪನಿಯೇ ಅದನ್ನು ವಾಪಸ್ ಪಡೆಯಿತು. ಕಾಗದದ ಮೇಲಿನ ನನ್ನ ಹತ್ತು ಸಾವಿರ ಒಂದೇ ರಾತ್ರಿಯಲ್ಲಿ ಎರಡು ಸಾವಿರಕ್ಕೂ ಕಡಿಮೆ ಆಯಿತು. ಶಿವ ಶಿವ ಅಂದೆ, ಆ ರಾತ್ರಿಗೆ ಒಪ್ಪುವಂತೆಯೇ ಇತ್ತು. ಶೇರಿನದು ಹಾಗಿರಲಿ, ಆ ಔಷಧಿ ತಗೊಳ್ಳುತ್ತಿದ್ದ ಮನೆಗಳಲ್ಲಿ ಮರುದಿನ ಏನು ಮಾತಾಡಿಕೊಂಡಿರಬಹುದು ಅಂತ ಬಹಳ ಹೊತ್ತು ಯೋಚಿಸಿದೆ.

ಬಯೋಜೆನ್ ಅನ್ನುವ ಕಂಪನಿಯ ಕಥೆಯೂ ಅದೇ ಹಾಳೆಯಲ್ಲಿದೆ. ಆಲ್‌ಝೈಮರ್ಸ್‌ಗೆ, ಅಂದರೆ ಮರೆವಿನ ರೋಗಕ್ಕೆ ಅಂತ ಅಡುಹೆಲ್ಮ್ ಔಷಧಿಗೆ 2021ರ ಜೂನಿನಲ್ಲಿ ಒಪ್ಪಿಗೆ ಸಿಕ್ಕಿತು, ಎಫ್‌ಡಿಎಯ ತಜ್ಞರ ಸಮಿತಿ ಬೇಡ ಅಂದಿದ್ದರೂ. ಆ ದಿನ ಶೇರು ನೂರಕ್ಕೆ 38 ಜಿಗಿಯಿತು. ಬೆಲೆ ವರ್ಷಕ್ಕೆ 56,000 ಡಾಲರ್ ಇಟ್ಟರು, ಆರೇ ತಿಂಗಳಲ್ಲಿ ಅರ್ಧ ಮಾಡಿದರು. ಅಮೆರಿಕದ ವಯಸ್ಸಾದವರ ಸರ್ಕಾರಿ ವಿಮೆ, ಪರೀಕ್ಷೆಗೆ ಸೇರಿದವರಿಗೆ ಬಿಟ್ಟು ಬೇರೆಯವರಿಗೆ ದುಡ್ಡು ಕೊಡುವುದಿಲ್ಲ ಅಂದುಬಿಟ್ಟಿತು. 2024ರ ಜನವರಿಯಲ್ಲಿ ಕಂಪನಿ ಅದನ್ನು ಕೈಬಿಡುವುದಾಗಿ ಹೇಳಿತು. ನಮ್ಮ ವರದಿಯಲ್ಲಿ ಮಾತ್ರ ‘ಎಫ್‌ಡಿಎ ಒಪ್ಪಿಗೆ’ ಅನ್ನುವುದಕ್ಕೆ ಪ್ರತಿ ಸಲ ಒಂದು ಹಸಿರು ಬಾಣ.

ನನ್ನನ್ನು ಎಲ್ಲಕ್ಕಿಂತ ಹಿಡಿದು ಕೂರಿಸಿದ್ದು 2023ರ ಡಿಸೆಂಬರಿನ ಎರಡು ಖರೀದಿಗಳು. ಆ್ಯಬ್‌ವೀ ಕಂಪನಿ ಸೆರೆವೆಲ್ ಅನ್ನುವುದನ್ನು ಸುಮಾರು 870 ಕೋಟಿ ಡಾಲರಿಗೆ ಕೊಳ್ಳುತ್ತೇನೆ ಅಂತು. ಅದೇ ತಿಂಗಳು ಬ್ರಿಸ್ಟಲ್ ಮೈಯರ್ಸ್ ಸ್ಕ್ವಿಬ್, ಕರುಣಾ ಅನ್ನುವುದನ್ನು 1,400 ಕೋಟಿ ಡಾಲರಿಗೆ. ಕರುಣಾ ಅಂದರೆ ನಮ್ಮ ಪದವೇ, ಅಮೆರಿಕದ ಕಂಪನಿ ಅಷ್ಟೇ. ಇಬ್ಬರ ಗುರಿಯೂ ಸ್ಕಿಜೋಫ್ರೇನಿಯಾ ಅನ್ನುವ ಮನೋರೋಗ, ಇಬ್ಬರೂ ಹಿಡಿದ ದಾರಿ ಮೆದುಳಿನ ಮಸ್ಕರಿನಿಕ್ ರಿಸೆಪ್ಟರ್, ಅಂದರೆ ಔಷಧಿ ಹೋಗಿ ಕೂರುವ ಒಂದು ಬಗೆಯ ಜಾಗ. ಕರುಣಾದವರ ಉಪಾಯ ನೋಡಿ ನನಗೆ ಖುಷಿಯಾಯಿತು. ಝನೋಮೆಲಿನ್ ಅನ್ನುವ 1990ರ ದಶಕದ ಔಷಧಿ ಮೆದುಳಿಗೆ ಕೆಲಸ ಮಾಡುತ್ತಿತ್ತು, ಆದರೆ ಹೊಟ್ಟೆ ತೊಳಸಿ ರೋಗಿಗಳು ಬಿಡುತ್ತಿದ್ದರು. ಅದಕ್ಕೆ ಇವರು ಟ್ರೋಸ್ಪಿಯಮ್ ಸೇರಿಸಿದರು. ಅದು ಪದೇ ಪದೇ ಮೂತ್ರಕ್ಕೆ ಹೋಗುವವರಿಗೆ ಕೊಡುವ ಹಳೆಯ ಗುಳಿಗೆ! ರಕ್ತದಿಂದ ಮೆದುಳಿಗೆ ಹೋಗುವ ದಾರಿಯಲ್ಲಿ ಒಂದು ಬಿಗಿ ಜರಡಿ ಇದೆ. ಟ್ರೋಸ್ಪಿಯಮ್ ಅದನ್ನು ದಾಟುವುದಿಲ್ಲ. ಹೊರಗೆ ಉಳಿದು ಹೊಟ್ಟೆಯ ತೊಂದರೆ ತಡೆಯುತ್ತದೆ, ಝನೋಮೆಲಿನ್ ಒಳಗೆ ಹೋಗಿ ಕೆಲಸ ಮಾಡುತ್ತದೆ. ಅಪ್ಪನ ಗುಳಿಗೆಯಲ್ಲೂ ಇದೇ ಉಪಾಯ. ಲೆವೊಡೋಪ ಜೊತೆ ಕಾರ್ಬಿಡೋಪ ಇರುತ್ತದೆ. ಕಾರ್ಬಿಡೋಪ ಜರಡಿಯ ಹೊರಗೇ ನಿಂತು, ಲೆವೊಡೋಪ ದಾರಿಯಲ್ಲೇ ಕರಗಿ ಹೋಗದಂತೆ ಕಾಯುತ್ತದೆ. ಐವತ್ತು ವರ್ಷದಿಂದ ನಮ್ಮ ಕಪಾಟಿನಲ್ಲಿ ಇರುವ ಯುಕ್ತಿಯನ್ನು ಇನ್ನೊಂದು ರೋಗಕ್ಕೆ ಹಚ್ಚಿ 1,400 ಕೋಟಿ ಡಾಲರ್!

ಕರುಣಾದ ಔಷಧಿಗೆ 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು, ಹೆಸರು ಕೋಬೆನ್‌ಫಿ. ಸೆರೆವೆಲ್‌ನದು ನವೆಂಬರಿನಲ್ಲಿ ಎರಡನೇ ಹಂತದ ಎರಡೂ ಪರೀಕ್ಷೆಗಳಲ್ಲಿ ಸೋತಿತು. ಸಪ್ಪೆ ಗುಳಿಗೆ ನುಂಗಿದವರೂ ಸಾಕಷ್ಟು ಸುಧಾರಿಸಿದ್ದರು, ಮನಸ್ಸಿನ ರೋಗಗಳ ಪರೀಕ್ಷೆಯಲ್ಲಿ ಇದೊಂದು ದೊಡ್ಡ ತೊಡಕು. ಆ ದಿನ ಆ್ಯಬ್‌ವೀಯಂಥ ಆನೆಯ ಶೇರೂ ನೂರಕ್ಕೆ 12ರಷ್ಟು ಬಿತ್ತು. ಒಂದೇ ರೋಗ, ಒಂದೇ ದಾರಿ, ಒಂದೇ ತಿಂಗಳ ಖರೀದಿ. ಎರಡೂ ಕಡೆ ವಿಜ್ಞಾನಿಗಳ ದಂಡೇ ಕುಳಿತು ಕಾಗದ ಪತ್ರ ನೋಡಿರುತ್ತಾರೆ. ನಮ್ಮ ವರದಿಯಲ್ಲಿ ಎರಡಕ್ಕೂ ಐದರಲ್ಲಿ ನಾಲ್ಕು ನಕ್ಷತ್ರ ಕೊಟ್ಟಿದ್ದರು. ಕೊಟ್ಟವರನ್ನು ನಾನು ಬಯ್ಯುವುದಿಲ್ಲ. ಆದರೆ ಆ ನಕ್ಷತ್ರಕ್ಕೆ ₹11,800 ಯಾಕೆ?

ಸೇವೆಯ ಬಗ್ಗೆ ಇನ್ನಷ್ಟು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಹಿಂದಿ. ಕನ್ನಡ ಬೇಕು ಅಂದರೆ ‘ಕಾಲ್ ಬ್ಯಾಕ್’. ಆ ಒಬ್ಬ ಹುಡುಗ ಮಾತ್ರ ಸಂಜೆ ತಾನಾಗಿ ಫೋನ್ ಮಾಡಿ, ಡಿಪಿ ಚಾರ್ಜ್ ಅಂದರೆ ಏನು, ಯಾಕೆ ಕತ್ತರಿಸಿದರು ಅಂತ ಬಿಡಿಸಿ ಹೇಳುತ್ತಿದ್ದ. ಅವನಿಗೆ ಒಳ್ಳೇದಾಗಲಿ. 2024ರ ಫೆಬ್ರವರಿಯಲ್ಲಿ ‘ರೀಬ್ಯಾಲೆನ್ಸ್’ ಅಂತ ಎರಡು ಶೇರು ಮಾರಿಸಿ ಬೇರೆ ಎರಡು ಕೊಳ್ಳಿಸಿದರು. ವರ್ಷ ತುಂಬದೆ ಮಾರಿದ್ದಕ್ಕೆ ₹6,200 ಲಾಭದ ಮೇಲೆ ನೂರಕ್ಕೆ 15 ತೆರಿಗೆ, ಅಂದರೆ 930, ಮೇಲೆ ಸೆಸ್ಸು. ಯಾಕೆ ಮಾರಿದ್ದು ಅಂತ ಕೇಳಿದೆ. ‘ಮಾಡೆಲ್ ಹೇಳಿತು’ ಅಂದರು. ಮಾರಿದ ಎರಡರಲ್ಲಿ ಒಂದು ಆಮೇಲೆ ಇನ್ನೂ ಏರಿತು. ಹೋಗಲಿ ಬಿಡಿ.

ವರ್ಷ ತುಂಬಿದಾಗ ಒಂದೂವರೆ ಲಕ್ಷ ₹2,03,000 ಆಗಿತ್ತು. ಕೇಳಲು ಚಂದ. ಆದರೆ ಆ ವರ್ಷ ಫಾರ್ಮಾ ಶೇರುಗಳಿಗೆಲ್ಲ ಹಬ್ಬ. ಸಾದಾ ಫಾರ್ಮಾ ಇಂಡೆಕ್ಸ್ ನನ್ನ ಬಾಸ್ಕೆಟಿಗಿಂತ ಮುಂದೆ ಓಡಿತ್ತು. ಶುಲ್ಕ ಕಳೆದರೆ ನಾನು ಇನ್ನೂ ಹಿಂದೆ. ಮುಂದುವರಿಸುವುದು ಬೇಡ ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದೆ. ಮನಸ್ಸಿನಲ್ಲೇ ಉಳಿದದ್ದು ತಪ್ಪಾಯಿತು.

2024ರ ಆಗಸ್ಟ್ 14ರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಾಗ ಮೆಸೇಜ್: ₹11,800 ಕಡಿತ. ಸೇರುವಾಗ ಒತ್ತಿದ ಯಾವುದೋ ಚೌಕದಲ್ಲಿ ಆಟೋಪೇ, ಅಂದರೆ ತಾನಾಗಿ ದುಡ್ಡು ಕತ್ತರಿಸಿಕೊಳ್ಳುವ ಒಪ್ಪಿಗೆ ಇತ್ತು. 15,000 ರೂಪಾಯಿಯೊಳಗಿನ ಇಂಥ ಕಡಿತಕ್ಕೆ ಓಟಿಪಿ ಕೇಳುವುದಿಲ್ಲ. ಹಿಂದಿನ ದಿನ ಮುನ್ಸೂಚನೆಯ ಮೆಸೇಜ್ ಬಂದಿತ್ತು, ಔಷಧಿ ಏಜೆನ್ಸಿಗಳ ಆಫರ್ ಮೆಸೇಜುಗಳ ರಾಶಿಯಲ್ಲಿ ನೋಡಿರಲಿಲ್ಲ. ಅರ್ಧ ತಪ್ಪು ನನ್ನದೇ. ಅದೇ ದಿನ ಇಮೇಲ್ ಹಾಕಿದೆ, ಬೇಡ, ವಾಪಸ್ ಕೊಡಿ ಅಂತ. ‘ನಮ್ಮಲ್ಲಿ ರಿಫಂಡ್ ಪಾಲಿಸಿ ಇಲ್ಲ’ ಅಂತ ಉತ್ತರ. ಎರಡನೇ ಇಮೇಲಿಗೆ ಅದೇ ಉತ್ತರ, ಅದೇ ಕಾಗುಣಿತದ ತಪ್ಪಿನೊಂದಿಗೆ. ಮೂರನೆಯದಕ್ಕೆ ಮೌನ.

ನಮ್ಮ ಸಿಎ ಹೇಳಿದ ಮೇಲೆ ಸೆಪ್ಟೆಂಬರ್ 3ಕ್ಕೆ ಸೆಬಿಯ ಆನ್‌ಲೈನ್ ದೂರು ವ್ಯವಸ್ಥೆ ಸ್ಕೋರ್ಸ್‌ನಲ್ಲಿ ದೂರು ಹಾಕಿದೆ. ಪ್ಯಾನ್, ಕಡಿತದ ಮೆಸೇಜಿನ ಸ್ಕ್ರೀನ್‌ಶಾಟ್, ಮೂರು ಇಮೇಲ್. ಇಪ್ಪತ್ತು ನಿಮಿಷದ ಕೆಲಸ, ಒಂದು ಪೈಸೆ ಖರ್ಚಿಲ್ಲ. ಕಂಪನಿ 21 ದಿನದೊಳಗೆ ಉತ್ತರ ಕೊಡಬೇಕು. ಸರಿಯಾಗಿ 21ನೇ ದಿನ ಪೂರ್ತಿ ₹11,800 ಖಾತೆಗೆ ಬಂತು. ಜೊತೆಗೆ ‘ನಿಮ್ಮ ತೃಪ್ತಿಯೇ ನಮ್ಮ ಗುರಿ’ ಅಂತ ಇಮೇಲ್. ಇಂಥ ಸೇವೆಗೆ ಸೇರಿದವರು ಇವತ್ತೇ ನಿಮ್ಮ ಬ್ಯಾಂಕ್ ಆಪ್ ಅಥವಾ ಯುಪಿಐ ಆಪ್‌ನಲ್ಲಿ ಆಟೋಪೇ ಪಟ್ಟಿ ತೆರೆದು ನೋಡಿಬಿಡಿ.

ಶೇರುಗಳನ್ನು ಮಾರಿಲ್ಲ. ಅವು ನನ್ನ ಹೆಸರಲ್ಲೇ ಇವೆ, ನೋಡಿಕೊಳ್ಳಲು ಯಾರಿಗೂ ಬಾಡಿಗೆ ಕೊಡಬೇಕಿಲ್ಲ. ಇನ್ನು ಹಾಕುವುದಿದ್ದರೆ ಫಾರ್ಮಾ ಫಂಡಿನಲ್ಲಿ ತಿಂಗಳಿಗೆ ಸಾವಿರ, ಅಷ್ಟೇ. ಉದ್ರಿ ಪುಸ್ತಕದ ಹಿಂದಿನ ಹಾಳೆ ಮಾತ್ರ ಬಿಟ್ಟಿಲ್ಲ.

ಅಪ್ಪ ಆ ಹಾಳೆಗಳನ್ನು ಓದುತ್ತಾರೆ. ಅವರಿಗೆ ಶೇರಿಗಿಂತ ಗಡಿಯಾರದ ಚಿಂತೆ. ಲೆವೊಡೋಪ ಊಟಕ್ಕೆ ಅರ್ಧ ಗಂಟೆ ಮುಂಚೆ ಆಗಬೇಕು. ಪ್ರೋಟೀನ್ ಜಾಸ್ತಿ ಇರುವ ಊಟದ ಜೊತೆ ಬಿದ್ದರೆ ಗುಳಿಗೆ ಸರಿಯಾಗಿ ಏರುವುದಿಲ್ಲ. ನಮ್ಮ ಊಟವೋ, ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ದಿನಾ ಜಗಳ. ಯಾರೋ ಗೆಳೆಯರು ನಸುಗುನ್ನಿ ಬೀಜದ ಪುಡಿ ತಂದುಕೊಟ್ಟಿದ್ದರು. ಅದರಲ್ಲಿ ಲೆವೊಡೋಪ ಇರುವುದು ನಿಜ, ಆದರೆ ಒಂದು ಚಮಚದಲ್ಲಿ ಎಷ್ಟು ಅಂತ ಯಾರಿಗೆ ಗೊತ್ತು? ಗುಳಿಗೆಯ ಮೇಲೆ ಅದೂ ಸೇರಿದರೆ ಪ್ರಮಾಣ ತಪ್ಪುತ್ತದೆ. ಡಬ್ಬಿ ಎತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ.

ರಿಫಂಡ್ ಬಂದ ದಿನ ಅಪ್ಪನಿಗೆ ಹೇಳಿದೆ, ಕೇಳಿದ್ದಕ್ಕೆ 41 ದಿನ ಹಿಡೀತು ನೋಡ್ರಿ ಅಂತ. ಗುಳಿಗೆ ನುಂಗಿ, ನೀರಿನ ಲೋಟ ಎರಡೂ ಕೈಯಲ್ಲಿ ಹಿಡಿದು ಕೆಳಗಿಟ್ಟು, ‘ಮುಳುಗಡಿ ಪರಿಹಾರಕ್ಕಿಂತ ಲಗೂನ ಬಂತಲ್ಲವಾ’ ಅಂದರು.